ತಂತಿಗೆ ಸಿಕ್ಕಿಸಿದ ಕಾರ್ಡುಗಳು

ನಮ್ಮ ಅಜ್ಜಿ ಇಟ್ಟುಕೊಂಡಿದ್ದ ಅಂಚೆ ಕಾರ್ಡುಗಳಿಗೆಲ್ಲ ನಡುವೆ ಒಂದು ತೂತು ಇದೆ. ಜಗಲಿಯ ಪಕ್ಕಾಸಿಗೆ ಒಂದು ಬಾಗಿದ ತಂತಿ ತೂಗುತ್ತಿತ್ತಂತೆ. ಬಂದ ಕಾಗದ ಓದಿಸಿ ಆದ ಮೇಲೆ ಅದಕ್ಕೆ ಚುಚ್ಚಿ ಇಡುವುದು. ಆಗ ಎಲ್ಲರ ಮನೆಯಲ್ಲೂ ಹಾಗೇ. ವರ್ಷಗಟ್ಟಲೆ ಮಳೆಗಾಲದ ಗಾಳಿಗೆ ತಂತಿ ತುಕ್ಕು ಹಿಡಿದು, ತೂತಿನ ಸುತ್ತ ಕಂದು ಬಣ್ಣದ ಉಂಗುರ ಮೂಡಿದೆ. ಕೆಲವು ಕಾರ್ಡುಗಳಲ್ಲಿ ತುಕ್ಕು ಕಾಗದವನ್ನೇ ತಿಂದಿದೆ. ತೂತು ಎಲ್ಲಿ ಬಿದ್ದಿದೆಯೋ ಅಲ್ಲಿನ ಒಂದೆರಡು ಅಕ್ಷರ ಹೋಗಿದೆ.

ಅಜ್ಜ 1958ರಲ್ಲಿ ಮುಂಬಯಿಗೆ ಹೋದರು. ಮಾಟುಂಗದ ಒಂದು ಹೋಟೆಲಿನಲ್ಲಿ 1981ರವರೆಗೆ ಕೆಲಸ. ಅಜ್ಜಿ ಉಡುಪಿಯ ಹತ್ತಿರ ಸ್ವರ್ಣಾ ನದಿಯ ಒಂದು ಸಣ್ಣ ಕುದ್ರುವಿನಲ್ಲಿ ಇಬ್ಬರು ಹೆಣ್ಣುಮಕ್ಕಳ ಜೊತೆ ಉಳಿದರು. ಕುದ್ರು ಅಂದರೆ ಸುತ್ತಲೂ ನದಿ ಇರುವ ನಡುಗಡ್ಡೆ. ಅಜ್ಜ ಬರೆದ ಕಾರ್ಡುಗಳು ತಂತಿಯಲ್ಲಿ ಉಳಿದವು. ಅಜ್ಜಿ ಕಳಿಸಿದವುಗಳನ್ನು ಅಜ್ಜ ಊರಿಗೆ ವಾಪಸ್ ಬರುವಾಗ ಟ್ರಂಕಿನಲ್ಲಿ ತಂದರು. ಎರಡೂ ಸೇರಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಬೆಂಗಳೂರಿನ ನಮ್ಮ ಮನೆಗೆ ಬಂದಿದ್ದವು. ಈ ಸೆಪ್ಟೆಂಬರಿನಲ್ಲಿ ಮೂರು ದಿನ ರಜೆ ಹಾಕಿ, ಡಬ್ಬಿಯಿಂದ ಇಪ್ಪತ್ತು ಕಾರ್ಡು ಆರಿಸಿಕೊಂಡು ಹೊರಟೆ. ಆ ಕಾಗದಗಳು ನಡೆದ ದಾರಿಯನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನಿಸಿತ್ತು.

ಮೊದಲ ದಿನ: ಮಂಗಳೂರು

ರಾತ್ರಿ ಬಸ್ಸು ಶಿರಾಡಿ ಘಾಟಿ ಇಳಿದು ಬೆಳಗ್ಗೆ ಮಂಗಳೂರು ಸೇರಿತು. ಮಳೆ ನಿಂತಿತ್ತು, ಆದರೆ ನಿಂತ ಹಾಗೆ ಇರಲಿಲ್ಲ. ಗಾಳಿಯಲ್ಲೇ ನೀರು. ಹಂಪನಕಟ್ಟೆಯಲ್ಲಿ ಬನ್ಸ್ ತಿಂದೆ. ಬಾಳೆಹಣ್ಣಿನ ಸಿಹಿ, ಒಂದು ಚೂರು ಜೀರಿಗೆ, ಜೊತೆಗೆ ಖಾರದ ಚಟ್ನಿ. ಬೆಂಗಳೂರಿನಲ್ಲಿ ಎಷ್ಟೇ ಹುಡುಕಿದರೂ ಈ ಮೆದು ಸಿಗುವುದಿಲ್ಲ.

ಪಾಂಡೇಶ್ವರದ ಪ್ರಧಾನ ಅಂಚೆ ಕಚೇರಿಗೆ ನಡೆದೇ ಹೋದೆ. ಹತ್ತು ರೂಪಾಯಿ ಕೊಟ್ಟು ಇಪ್ಪತ್ತು ಕಾರ್ಡು ಕೇಳಿದೆ. ಈಗಲೂ ಒಂದಕ್ಕೆ 50 ಪೈಸೆಯೇ. ಕೌಂಟರಿನಲ್ಲಿದ್ದವರು ಎಣಿಸಿ ಕೊಡುತ್ತಾ, "ಸಣ್ಣ ಆಫೀಸಿನಲ್ಲಿ ಕೆಲವು ಸಲ ಮುಗಿದಿರ್ತದೆ, ಬೇಕಾದ್ರೆ ಹೆಡ್ ಪೋಸ್ಟಾಫೀಸಿನಿಂದಲೇ ತಗೊಂಡು ಹೋಗಿ" ಎಂದರು. ನಮ್ಮ ದೇಶದಲ್ಲಿ ಕಾರ್ಡು ಶುರುವಾದದ್ದು 1879ರ ಜುಲೈ 1ರಂದು, ಕಾಲಾಣೆಗೆ. ಅದಕ್ಕೂ 36 ವರ್ಷ ಮೊದಲು, 1843ರಲ್ಲಿ, ಅದೇ ಜುಲೈ 1ರಂದು ಇದೇ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂದಿತ್ತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ತಂದದ್ದು. ಸುದ್ದಿಗಾಗಿ ಕಾಯುವ ಚಟ ಈ ಊರಿಗೆ ಹಳೆಯದು.

ಮಧ್ಯಾಹ್ನ ಜೆಪ್ಪುವಿನಲ್ಲಿ ದೊಡ್ಡಮ್ಮನ ಮನೆ. ದೊಡ್ಡಮ್ಮ ಅಮ್ಮನಿಗಿಂತ ಮೂರು ವರ್ಷ ದೊಡ್ಡವರು. ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ ಹಾಕಿ ಬಡಿಸಿ, ನಾನು ಕೈ ತೊಳೆದು ಬರುವಷ್ಟರಲ್ಲಿ ಕಾರ್ಡುಗಳನ್ನು ಚಾಪೆಯ ಮೇಲೆ ಹರಡಿಯೇ ಬಿಟ್ಟಿದ್ದರು.

"ಇದು ಅರಸಿನ ಹಚ್ಚಿದ್ದು ನೋಡು. ಚಿಕ್ಕಪ್ಪನ ಮದುವೆಯದ್ದು." ಮೂಲೆಯಲ್ಲಿ ಮಾಸಿದ ಹಳದಿ. ಶುಭ ಸುದ್ದಿಗೆ ಅರಸಿನ ಹಚ್ಚುತ್ತಿದ್ದರು. ಅಶುಭದ ಕಾಗದ ಒಂದೂ ಡಬ್ಬಿಯಲ್ಲಿ ಇಲ್ಲವಲ್ಲ ಎಂದು ಕೇಳಿದೆ. "ಅದನ್ನು ಯಾರು ಇಡ್ತಾರೆ? ಅಂಗಳದಲ್ಲೇ ಓದಿ ಹರಿದು ಹಾಕುವುದು. ಒಳಗೆ ತರುವ ಹಾಗಿಲ್ಲ." ನಮ್ಮ ಮನೆತನದ ಸಾವುಗಳ ತಾರೀಕು ಯಾಕೆ ಯಾರಿಗೂ ಗೊತ್ತಿಲ್ಲ ಅನ್ನುವುದು ನನಗೆ ಆಗ ತಿಳಿಯಿತು. ಹಳೆಯ ಕಾಗದ ಹಿಡಿದು ವಂಶದ ಕತೆ ಬರೆಯಲು ಹೊರಟವರು ಇದನ್ನು ನೆನಪಿಡಬೇಕು. ಉಳಿದಿರುವುದು ಬರೀ ಮದುವೆ, ಬಾಣಂತನ, ಬೆಳೆ, ದುಡ್ಡು.

ದುಡ್ಡಿನದು ಬೇರೆಯೇ ಒಂದು ಕಟ್ಟು. ಅಜ್ಜ ತಿಂಗಳಿಗೊಮ್ಮೆ ಮನಿಯಾರ್ಡರ್ ಮಾಡುತ್ತಿದ್ದರು. ಫಾರ್ಮಿನ ಕೆಳಗಿನ ಕೂಪನ್ ಅಜ್ಜಿಗೆ. ದುಡ್ಡು ಮುಟ್ಟಿದ್ದಕ್ಕೆ ರುಜು ಹಾಕಿದ ತುಂಡು ತಿರುಗಿ ಅಜ್ಜನಿಗೆ. ಆ ತುಂಡುಗಳನ್ನು ಅಜ್ಜ ಒಂದೂ ಬಿಸಾಡಿಲ್ಲ. ಎಲ್ಲದರಲ್ಲೂ ಅಜ್ಜಿಯ ಎಡಗೈ ಹೆಬ್ಬೆಟ್ಟು, ಪಕ್ಕದಲ್ಲಿ ಸಾಕ್ಷಿಯ ಸಹಿ. ಒಂದರಲ್ಲಿ ಹೆಬ್ಬೆಟ್ಟಿನ ಗೆರೆಗಳ ನಡುವೆ ಅಡ್ಡಕ್ಕೆ ಒಂದು ಬಿಳಿ ಗೀಟು ಇದೆ. ಆಮೇಲಿನ ಎಲ್ಲ ತುಂಡುಗಳಲ್ಲೂ ಅದೇ ಗೀಟು. "ಕತ್ತಿ ತಾಗಿದ್ದು. ತೆಂಗಿನಕಾಯಿ ಸುಲಿಯುವಾಗ" ಎಂದರು ದೊಡ್ಡಮ್ಮ, ತಮ್ಮ ಹೆಬ್ಬೆಟ್ಟನ್ನು ಅದರ ಮೇಲೆ ಇಟ್ಟು. ಕೂಪನ್‌ಗಳನ್ನು ತಿಂಗಳ ಪ್ರಕಾರ ಜೋಡಿಸಿದಾಗ 1968ರ ಅಕ್ಟೋಬರಿನದ್ದು ಮಾತ್ರ ಇರಲಿಲ್ಲ. ಕಳೆದು ಹೋಗಿರಬೇಕು ಅಂದುಕೊಂಡೆ.

ಹೆಬ್ಬೆಟ್ಟು ನೋಡಿದ ಮೇಲೆ ನನಗೆ ಒಂದು ಪ್ರಶ್ನೆ ಬಂತು. ಹಾಗಾದರೆ ಅಜ್ಜಿಯ ಕಾರ್ಡುಗಳನ್ನು ಬರೆದದ್ದು ಯಾರು? ದುಂಡಗಿನ, ತುಂಬ ಚೆಂದದ ಅಕ್ಷರ. ಇಷ್ಟು ವರ್ಷ ಅದನ್ನು ಅಜ್ಜಿಯದ್ದೇ ಅಂದುಕೊಂಡಿದ್ದೆ.

"ಪೋಸ್ಟಣ್ಣ" ಎಂದರು ದೊಡ್ಡಮ್ಮ. "ಓದುವುದೂ ಅವರೇ, ಬರೆಯುವುದೂ ಅವರೇ. ಅಮ್ಮ ತುಳುವಿನಲ್ಲಿ ಹೇಳುವುದು, ಅವರು ಕನ್ನಡದಲ್ಲಿ ಬರೆಯುವುದು. ಅಪ್ಪನ ಕಾಗದವನ್ನೂ ಹಾಗೇ, ನೋಡ್ತಾ ನೋಡ್ತಾ ತುಳು ಮಾಡಿ ಓದುವುದು. ಈಗಲೂ ಇದ್ದಾರೆ. ಬ್ರಹ್ಮಾವರದ ಹತ್ತಿರ ಮಗನ ಮನೆಯಲ್ಲಿ."

ಅಜ್ಜ ಅಜ್ಜಿ ಇಬ್ಬರೂ ಆಡುತ್ತಿದ್ದದ್ದು ತುಳು. ಇಪ್ಪತ್ತಮೂರು ವರ್ಷ ಅವರ ನಡುವೆ ಓಡಾಡಿದ್ದು ಕನ್ನಡ. ಅದರಲ್ಲಿ ಹೆಚ್ಚಿನ ವರ್ಷ ಎರಡನ್ನೂ ಹೊತ್ತವರು ಒಬ್ಬರೇ.

ಎರಡನೇ ದಿನ: ಸ್ವರ್ಣಾ ನದಿಯ ಕಡೆಗೆ

ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸುಗಳಿಗೆ ಬರವಿಲ್ಲ, ಮೊದಲೇ ಸೀಟು ಮಾಡಿಸುವ ಅಗತ್ಯವಿಲ್ಲ. ಕೂಳೂರು, ಪಾವಂಜೆ, ಮೂಲ್ಕಿ, ಉದ್ಯಾವರ. ಒಂದಾದ ಮೇಲೆ ಒಂದು ಸೇತುವೆ, ಎಲ್ಲ ಹೊಳೆಗಳೂ ಕೆಂಪಾಗಿ ತುಂಬಿ ಹರಿಯುತ್ತಿದ್ದವು. ಕಾರ್ಡುಗಳ ಮುದ್ರೆ ನೋಡುತ್ತಾ ಕೂತೆ. ಮಾಟುಂಗದಲ್ಲಿ ಬಿದ್ದ ಮುದ್ರೆ ಒಂದು, ಇಲ್ಲಿ ತಲುಪಿದ ಮೇಲೆ ಬಿದ್ದದ್ದು ಇನ್ನೊಂದು. ಬೇಸಿಗೆಯಲ್ಲಿ ನಾಲ್ಕು ದಿನದ ಅಂತರ. ಜುಲೈನಲ್ಲಿ ಏಳು, ಎಂಟು. ಆಗ ಕೊಂಕಣ ರೈಲು ಇರಲಿಲ್ಲ, ಅದು ಬಂದದ್ದು 1998ರಲ್ಲಿ. ಮಳೆ ಬಂದರೆ ಕಾಗದ ಎಲ್ಲಾದರೂ ಒಂದು ಹೊಳೆಯ ಈಚೆ ದಡದಲ್ಲಿ ಕಾದು ಕೂರುತ್ತಿತ್ತು.

ವಿಳಾಸಗಳನ್ನು ಓದುವುದೇ ಒಂದು ಖುಷಿ. ಹಳೆಯ ಕಾರ್ಡುಗಳಲ್ಲಿ 'ಉಡುಪಿ ತಾಲೂಕು, ದ.ಕ., ಮೈಸೂರು ರಾಜ್ಯ'. 1973ರ ನವೆಂಬರಿನ ನಂತರ 'ಕರ್ನಾಟಕ'. ಪಿನ್‌ಕೋಡ್ 1972ರ ಆಗಸ್ಟ್ 15ರಂದೇ ಜಾರಿಗೆ ಬಂದಿತ್ತು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತದ ಕವಿಯೂ ಹೌದು. ಆದರೆ ನಮ್ಮ ಅಜ್ಜ ಅದನ್ನು ಬರೆಯಲು ಶುರು ಮಾಡಿದ್ದು ಐದು ವರ್ಷ ಕಳೆದ ಮೇಲೆ. ಬರೆಯದಿದ್ದರೂ ಕಾಗದ ಮುಟ್ಟುತ್ತಿತ್ತು. ಎಲ್ಲ ಕಾರ್ಡಿನಲ್ಲೂ ಬದಲಾಗದೆ ಉಳಿದದ್ದು ಒಂದೇ ಸಾಲು: 'ಹೊಸಮನೆ'.

ಸಂತೆಕಟ್ಟೆಯಲ್ಲಿ ಇಳಿದು ರಿಕ್ಷಾ ಹಿಡಿದು ಕಲ್ಯಾಣಪುರದ ಮೇಲೆ ಕೆಮ್ಮಣ್ಣಿಗೆ ಬಂದೆ. ಮೊದಲು ತೂಗುಸೇತುವೆ ನೋಡಿದೆ. ತಿಮ್ಮಣ್ಣ ಕುದ್ರುವಿಗೆ ಹೋಗುವ ಸೇತುವೆ ಅದು. ಹಲಗೆಯ ಮೇಲೆ ಹೆಜ್ಜೆ ಇಟ್ಟರೆ ಇಡೀ ಸೇತುವೆ ಮೆಲ್ಲಗೆ ಉಸಿರಾಡಿದ ಹಾಗೆ ಅಲುಗುತ್ತದೆ. ಮಳೆಗೆ ಹಲಗೆ ಜಾರುತ್ತದೆ, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವುದೇ ಒಳ್ಳೆಯದು. ಕೆಳಗೆ ಇಬ್ಬರು ಹೆಂಗಸರು ಸೊಂಟದವರೆಗೆ ನೀರಿನಲ್ಲಿ ನಿಂತು ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದರು. ಸೇತುವೆ ಬರುವ ಮೊದಲು ಈ ಊರುಗಳಿಗೆಲ್ಲ ದೋಣಿಯೇ. ಕಾಗದದ ಚೀಲವೂ ದೋಣಿಯಲ್ಲೇ.

ನಮ್ಮ ಕುದ್ರು ಅಲ್ಲಿಂದ ಸ್ವಲ್ಪ ದೂರ. ಹೆಸರು ಬರೆಯುವುದಿಲ್ಲ, ಈಗ ಅಲ್ಲಿರುವವರಿಗೆ ತೊಂದರೆ ಬೇಡ. ಈಗ ಅಲ್ಲಿಗೆ ಕಾಂಕ್ರೀಟ್ ಸೇತುವೆ ಇದೆ. ದಾಟಿ ಹೋಗಿ ಹೊಸಮನೆ ಯಾವುದು ಎಂದು ಕೇಳಿದೆ. ಒಬ್ಬರು ಬಲಗಡೆ ತೋರಿಸಿದರು. ಅಲ್ಲಿ ಹೋಗಿ ಜಗಲಿಯಲ್ಲಿ ಕೂತು, ಅವರು ಕೊಟ್ಟ ಬೆಲ್ಲ ನೀರು ಕುಡಿದು, ಅಜ್ಜನ ಹೆಸರು ಹೇಳಿ, ಕಾರ್ಡು ತೋರಿಸಿ, ಹದಿನೈದು ನಿಮಿಷ ಮಾತಾಡಿದ ಮೇಲೆ ಗೊತ್ತಾಯಿತು ಅದು ಬೇರೆ ಹೊಸಮನೆ. ಆ ಸಣ್ಣ ಕುದ್ರುವಿನಲ್ಲಿ ಮೂರು ಹೊಸಮನೆಗಳು! ಕೆರೆಯ ಬಳಿ ಇರುವುದು, ನಾಗಬನದ ಹಿಂದಿನದು, ದೋಣಿ ನಿಲ್ಲುವ ಕಡವಿನ ಹತ್ತಿರದ್ದು. ಇಲ್ಲಿ ಬಾಗಿಲ ನಂಬರಿನಿಂದ ಕಾಗದ ಬಟವಾಡೆ ಆದದ್ದೇ ಇಲ್ಲ. ಮನೆಯ ಹೆಸರು, ಯಜಮಾನರ ಹೆಸರು, ಅಷ್ಟೇ. ಮೂರರಲ್ಲಿ ಯಾವುದು ಅನ್ನುವುದು ಪೋಸ್ಟಿನವರ ತಲೆಯಲ್ಲಿ ಇರುತ್ತಿತ್ತು.

ಆ ಮನೆಯಿಂದ ಹೊರಟು ಕಡವಿನ ಕಡೆ ಹೋಗುವಾಗ ಮಳೆ ಸುರಿಯಿತು. ಕೊಡೆ ಮುರಿದು ಮೇಲೆ ಹೋಯಿತು. ಚೀಲ ನೆನೆಯಿತು. ಓಡಿ ಒಂದು ದನದ ಕೊಟ್ಟಿಗೆಯ ಮಾಡಿನ ಕೆಳಗೆ ನಿಂತು, ನಡುಗುವ ಕೈಯಲ್ಲಿ ಕವರು ಬಿಚ್ಚಿದೆ. ಕಾರ್ಡುಗಳಿಗೆ ಎರಡು ಪ್ಲಾಸ್ಟಿಕ್ ಹಾಕಿದ್ದೆ, ಆದರೂ ಒಂದರ ಅಂಚಿಗೆ ನೀರು ಮುಟ್ಟಿತ್ತು. ಅಜ್ಜ ಶಾಯಿಯಲ್ಲಿ ಬರೆದ 'ಆಶೀರ್ವಾದಗಳು' ನೀಲಿ ಮೋಡದ ಹಾಗೆ ಹರಡಿ ಹೋಯಿತು. ಅದಕ್ಕೆ ಇನ್ನೂ ನನ್ನ ಹೊಟ್ಟೆ ಉರಿಯುತ್ತದೆ. ಇಂಥ ಪ್ರವಾಸಕ್ಕೆ ಹೋಗುವವರು ದಯವಿಟ್ಟು ಮೂಲ ಕಾಗದ ಮನೆಯಲ್ಲೇ ಬಿಟ್ಟು, ಫೋಟೋ ತೆಗೆದುಕೊಂಡು ಹೋಗಿ.

ಕಡವಿನ ಹತ್ತಿರದ ಹೊಸಮನೆ ಈಗ ಬೇರೆಯವರದ್ದು. ಹಂಚು ಹೋಗಿ ತಾರಸಿ ಬಂದಿದೆ. ಬಾವಿ ಹಾಗೇ ಇದೆ. ಬಾವಿಕಟ್ಟೆಯ ಅರ್ಧ ಕೆಂಪು ಕಲ್ಲಿನದು, ಇನ್ನರ್ಧ ಬೇರೆ ಬಣ್ಣದ ಕಲ್ಲು, ಬೇರೆ ಗಾರೆ. ಯಾವಾಗಲೋ ಅರ್ಧಕ್ಕೆ ನಿಂತು ಆಮೇಲೆ ಮುಗಿದ ಕೆಲಸ. ಮನೆಯವರು ತೀರಾ ಒಳ್ಳೆಯವರು. ನನ್ನ ತಲೆ ಒರೆಸಿಕೊಳ್ಳಲು ಬೈರಾಸ ಕೊಟ್ಟು, ನೀರುದೋಸೆ ಎರೆದು ಕೊಟ್ಟರು.

ಕಡವಿನಲ್ಲಿ ಈಗ ಏನೂ ಇಲ್ಲ. ನಾಲ್ಕು ಮೆಟ್ಟಿಲು, ಒಂದು ಕಲ್ಲುಕಂಬ. 1968ರ ದೀಪಾವಳಿಗೆ ಅಮ್ಮ ಮೂರು ದಿನ ಕಾದದ್ದು ಈ ಮೆಟ್ಟಿಲ ಮೇಲೆ. ಆಗ ಅವಳಿಗೆ ಎಂಟು ವರ್ಷ. ಹಬ್ಬಕ್ಕೆ ಬರುತ್ತೇನೆ ಎಂದು ಅಜ್ಜ ಮಾತು ಕೊಟ್ಟಿದ್ದರು. ಆಮೇಲೆ ಕಾರ್ಡು ಬಂತು. ಅದು ನನ್ನ ಹತ್ತಿರ ಇತ್ತು:

'ಉಭಯ ಕುಶಲೋಪರಿ ಸಾಂಪ್ರತ. ಈ ಸಲ ಹಬ್ಬಕ್ಕೆ ಬರಲು', ಇಲ್ಲಿ ತೂತು, 'ಇಲ್ಲ. ಮಕ್ಕಳಿಗೆ ಹೇಳು. ಬಾವಿಕಟ್ಟೆ ಕೆಲಸ ಸದ್ಯ ನಿಲ್ಲಿಸು. ಇಲ್ಲಿಯ ಸಂಗತಿ ಬಂದಾಗ ತಿಳಿಸುತ್ತೇನೆ.'

ತೂತಿನಲ್ಲಿ ಹೋದ ಪದ 'ರಜೆ' ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. "ಮೂರು ದಿನ ಬಿಟ್ಟು ಬರಲಾಗದಷ್ಟು ದೊಡ್ಡ ಕೆಲಸವಾ ಅದು?" ಎಂದು ಅಮ್ಮ ಈಗಲೂ ಕೇಳುತ್ತಾಳೆ. ಅಜ್ಜ ಹೋಗಿ ಇಪ್ಪತ್ತು ವರ್ಷವಾಯಿತು.

ಮೂರನೇ ದಿನ: ಪೋಸ್ಟಣ್ಣ

ಬೆಳಗ್ಗೆ ಬಿಸಿಲು. ನಿನ್ನೆ ಪರಿಚಯವಾದ, ಟಪಾಲು ಹಂಚುವ ಡಾಕ್ ಸೇವಕಿಯೊಬ್ಬರು ತಮ್ಮ ಜೊತೆ ಒಂದು ಗಂಟೆ ಸುತ್ತಲು ಒಪ್ಪಿದ್ದರು. ಶಾಖಾ ಅಂಚೆ ಕಚೇರಿ ಅಂದರೆ ಒಂದು ಮನೆಯ ಜಗಲಿಯ ಪಕ್ಕದ ಕೋಣೆ. ಒಂದು ಮೇಜು, ತಕ್ಕಡಿ, ಗೋಡೆಯ ಮೇಲೆ ಕೆಂಪು ಡಬ್ಬಿ. ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ. ಹತ್ತರಲ್ಲಿ ಸುಮಾರು ಒಂಬತ್ತು ಹಳ್ಳಿಯವೇ, ಅವುಗಳಲ್ಲಿ ಹೆಚ್ಚಿನವು ಹೀಗೆಯೇ ಇರುತ್ತವೆ.

ಚೀಲ ಬಂತು. ಅದರಲ್ಲಿ ಬ್ಯಾಂಕಿನ ಲಕೋಟೆ, ಆಧಾರ್, ವಿಮೆಯ ನೋಟೀಸು, ಯಾರದ್ದೋ ಎಟಿಎಂ ಕಾರ್ಡು. ಕೈಬರಹದ ಕಾಗದ ಒಂದೂ ಇರಲಿಲ್ಲ. ಅವರು ಸ್ಕೂಟರಿನಲ್ಲಿ ಮುಂದೆ, ನಾನು ಬಾಡಿಗೆ ಸ್ಕೂಟರಿನಲ್ಲಿ ಹಿಂದೆ. ಎರಡು ಕಡೆ ಗದ್ದೆ, ಭತ್ತ ತೆನೆ ಬಿಡುವ ಹೊತ್ತು. ಒಂದು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಕಾದು ಕೂತಿದ್ದರು. ಅಂಚೆಯ ಬ್ಯಾಂಕಿನ ಮೂಲಕ ಮನೆ ಬಾಗಿಲಲ್ಲೇ ಪಿಂಚಣಿ. ಸಣ್ಣ ಯಂತ್ರದ ಮೇಲೆ ಬೆರಳು ಇಡಬೇಕು. ಎರಡು ಸಲ ಹಿಡಿಯಲಿಲ್ಲ, ಗೆರೆ ಸವೆದಿದೆ. ಹುಡುಗಿ ಅಜ್ಜಿಯ ಬೆರಳನ್ನು ತನ್ನ ಚೂಡಿದಾರದ ತುದಿಯಿಂದ ಒರೆಸಿ, ಮೆಲ್ಲಗೆ ಒತ್ತಿ ಹಿಡಿದಳು. ಮೂರನೇ ಸಲ ಆಯಿತು. ನನಗೆ ಡಬ್ಬಿಯಲ್ಲಿದ್ದ ಹೆಬ್ಬೆಟ್ಟುಗಳು ಕಣ್ಣ ಮುಂದೆ ಬಂದವು.

ಮಧ್ಯಾಹ್ನ ಬ್ರಹ್ಮಾವರ. ಪೇಟೆಯಲ್ಲಿ ಬಿಸಿ ಗೋಳಿಬಜೆ ಕಟ್ಟಿಸಿಕೊಂಡು ಪೋಸ್ಟಣ್ಣನ ಮಗನ ಮನೆ ಹುಡುಕಿದೆ. ಈ ಸಲ ಎರಡು ಕಡೆ ವಿಚಾರಿಸಿಯೇ ಗೇಟು ತೆಗೆದೆ.

"ಬಲೆ, ಕುಲ್ಲುಲೆ" (ಬನ್ನಿ, ಕೂತುಕೊಳ್ಳಿ) ಎಂದು ಒಳಗಿನಿಂದ ದನಿ ಬಂತು. ತೆಳ್ಳಗಿನ ಮೈ, ಬಿಳಿ ಪಂಚೆ. ವಯಸ್ಸು 85. ಕಿವಿ ಸ್ವಲ್ಪ ಮಂದ, ಕಣ್ಣು ಚೂಪು. ನಾನು ಯಾರು ಎಂದು ಹೇಳಿದ ಕೂಡಲೇ "ಕಡವಿನ ಹೊಸಮನೆ!" ಎಂದರು. ಮೂರರಲ್ಲಿ ಯಾವುದು ಎಂದು ನಾನು ಹೇಳಬೇಕಾಗಲಿಲ್ಲ.

1962ರಲ್ಲಿ ಕೆಲಸಕ್ಕೆ ಸೇರಿದವರು. ಆಗ ಇ.ಡಿ., ಅಂದರೆ ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್, ಎನ್ನುತ್ತಿದ್ದರು. ಇಲಾಖೆಯವರು ಹೌದು, ಪೂರ್ತಿ ನೌಕರರು ಅಲ್ಲ. ದಿನಕ್ಕೆ ಕೆಲವು ಗಂಟೆ ಟಪಾಲು, ಉಳಿದ ಹೊತ್ತು ಗದ್ದೆ. 65ಕ್ಕೆ ಬಿಡುವಾಗ ಒಂದಿಷ್ಟು ಗಂಟು ಕೊಟ್ಟರು, ಪಿಂಚಣಿ ಇಲ್ಲ. ಇದನ್ನು ಅವರು ದೂರಿನ ಹಾಗೆ ಹೇಳಲಿಲ್ಲ. ನನಗೆ ಮಾತ್ರ ಅದು ಅನ್ಯಾಯ ಎಂದೇ ಅನ್ನಿಸುತ್ತದೆ. ದೋಣಿಯಲ್ಲಿ ಎದ್ದು ನಿಂತು, ಚೀಲ ತಲೆಯ ಮೇಲಿಟ್ಟು, ನಲವತ್ತು ಮಳೆಗಾಲ ದಾಟಿದವರು.

ಕಾರ್ಡುಗಳನ್ನು ಕೈಗೆ ಕೊಟ್ಟೆ. ತಮ್ಮ ಅಕ್ಷರ ನೋಡಿ ತುಂಬ ಹೊತ್ತು ಸುಮ್ಮನಿದ್ದರು. ನನಗೆ ಕೇಳಬೇಕಾದ ಒಂದು ಕಾರ್ಡು ಇತ್ತು. 1979ರದ್ದು, 15 ಪೈಸೆಯ ಹುಲಿ ಮುಖದ ಕಾರ್ಡು. ಅಜ್ಜಿ ಬರೆಸಿದ್ದು: 'ನಾನು ಆರೋಗ್ಯವಾಗಿದ್ದೇನೆ. ನನ್ನ ಚಿಂತೆ ಬೇಡ.' ಅದರ ಅಂಚಿನಲ್ಲಿ, ಕಾರ್ಡನ್ನು ಅಡ್ಡ ತಿರುಗಿಸಿ ಓದಬೇಕಾದ ಹಾಗೆ, ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: 'ಅವರಿಗೆ ಕಾಲುನೋವು ಜೋರು. ಬರೆಯಬೇಡಿ ಎಂದರು. ಮದ್ದಿಗೆ ಕಳಿಸಿ.'

"ಇದು ಅಜ್ಜಿಗೆ ಗೊತ್ತಿತ್ತಾ?"

"ಇಲ್ಲ ಮಗಾ. ಅವರು ಹೇಳಿದ್ದನ್ನೆಲ್ಲ ಮೊದಲು ಬರೆದೆ. ಆಮೇಲೆ ನೋಡಿದ್ರೆ ಅಂಚಿನಲ್ಲಿ ಜಾಗ ಉಳಿದಿತ್ತು."

ನಂತರ 1968ರದ್ದನ್ನು ತೆಗೆದುಕೊಂಡರು. ಕಣ್ಣಿನ ಹತ್ತಿರ ಹಿಡಿದು, ಯಾರೂ ಕೇಳದೆಯೇ, ಗಟ್ಟಿಯಾಗಿ ಓದಲು ಶುರು ಮಾಡಿದರು. ಕನ್ನಡದಲ್ಲಿ ಇದ್ದದ್ದು ಅವರ ಬಾಯಲ್ಲಿ ತುಳುವಾಗಿ ಬರುತ್ತಿತ್ತು, ಒಂದು ಕಡೆಯೂ ತಡೆಯಲಿಲ್ಲ. ಅಜ್ಜಿ ಕೇಳಿಸಿಕೊಂಡದ್ದು ಇದೇ ದನಿ. ತೂತು ಬಂತು. ಅಲ್ಲೂ ನಿಲ್ಲಲಿಲ್ಲ. "ಕಾಸ್ ಇಜ್ಜಿ" ಎಂದರು.

"ಕಾಸಾ? ರಜೆ ಅಲ್ವಾ?"

ಕಾರ್ಡು ಕೆಳಗಿಟ್ಟರು. "ರಜೆ ಅಂತ ಓದಿದ್ದು ನಾನು. ಆ ದಿನ ನಿಮ್ಮ ಅಂಗಳದಲ್ಲಿ ಆರೇಳು ಜನ ಹೆಂಗಸರು ಹಗ್ಗ ಹೊಸೆಯುತ್ತಾ ಕೂತಿದ್ರು. ಎಲ್ಲ ಕೆಲಸ ನಿಲ್ಲಿಸಿ ಕಿವಿ ಕೊಟ್ಟಿದ್ರು. ಆ ತಿಂಗಳು ಮನಿಯಾರ್ಡರ್ ಸಹ ಬಂದಿರ್ಲಿಲ್ಲ. ಅಷ್ಟು ಜನರ ಮುಂದೆ ಕಾಸಿಲ್ಲ ಅಂತ ಹೇಗೆ ಓದುವುದು? 'ರಜೆ ಇಜ್ಜಿಗೆ' ಅಂತ ಓದಿಬಿಟ್ಟೆ. ಎಲ್ಲ ಎದ್ದು ಹೋದ ಮೇಲೆ ನಿಮ್ಮ ಅಜ್ಜಿಗೆ ಒಬ್ಬರಿಗೇ ಹೇಳಿದೆ."

"ಅಜ್ಜಿ ಎಂತ ಹೇಳಿದ್ರು?"

"ಮಕ್ಕಳಿಗೆ ರಜೆ ಅಂತಲೇ ಇರಲಿ ಅಂದ್ರು. ನಾನು ಓದುವಾಗ ಬದಲು ಮಾಡಿದ್ದು ಅದೊಂದೇ ಸಲ. ಹಾಗಾಗಿ ಮರ್ತಿಲ್ಲ."

ಸೊಸೆ ಚಹಾ ತಂದರು. ಗೋಳಿಬಜೆ ಆರಿ ಹೋಗಿತ್ತು. ಅವರು ಒಂದನ್ನು ಮುರಿದು ಅರ್ಧ ನನ್ನ ಕೈಗೆ ಕೊಟ್ಟರು. ಇಲ್ಲದ ಕೂಪನ್, ಅರ್ಧಕ್ಕೆ ನಿಂತ ಬಾವಿಕಟ್ಟೆ, ಎರಡೂ ಎರಡು ದಿನದಿಂದ ನನ್ನ ಕಣ್ಣ ಮುಂದೆಯೇ ಇದ್ದವು.

ಸಂಜೆ ಬಸ್ ನಿಲ್ದಾಣದಿಂದ ಅಮ್ಮನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಆ ಕಡೆ ಏನೂ ಸದ್ದಿಲ್ಲ. ಲೈನ್ ಕಟ್ಟಾಯಿತೇನೋ ಎಂದು ಎರಡು ಸಲ ಕರೆದೆ.

"ಆ ಕಾರ್ಡು ನೆನೆಯಲಿಲ್ಲ ಅಲ್ವಾ?" ಎಂದಳು ಅಮ್ಮ.

"ಇಲ್ಲಮ್ಮ. ನೆನೆದದ್ದು ಬೇರೆಯದು."

"ಹಾಗಾದರೆ ಅದನ್ನು ಇನ್ನೊಂದು ಸಲ ಓದು. ಪೋಸ್ಟಣ್ಣ ಓದಿದ ಹಾಗೆ ಓದು."